ಬಲ್ಮಠದ ಮುದ್ರಣಾಲಯ ಮತ್ತು ಕರಾವಳಿಯ ಓದುಗ ಸಮಾಜ

ಮಂಗಳೂರಿನ ಬಲ್ಮಠದಲ್ಲಿ 1841ರಲ್ಲಿ ಆರಂಭವಾದ ಬಾಸೆಲ್ ಮಿಶನ್ ಮುದ್ರಣಾಲಯವನ್ನು ಕನ್ನಡದ ಮೊದಲ ಪತ್ರಿಕೆ ಅಚ್ಚಾದ ಸ್ಥಳವೆಂದೂ ಕಿಟ್ಟೆಲ್ ನಿಘಂಟು ಹೊರಬಂದ ಸ್ಥಳವೆಂದೂ ಕನ್ನಡ ನಾಡು ನೆನೆಯುತ್ತದೆ. ಎರಡೂ ನೆನಪುಗಳು ಸರಿಯಾದವೇ. ಆದರೆ ಪತ್ರಿಕೆ ಹುಟ್ಟಿದ್ದು 1843ರಲ್ಲಿ, ನಿಘಂಟು ಮುಗಿದದ್ದು 1894ರಲ್ಲಿ, ಇವೆರಡರ ನಡುವಿನ ಅರ್ಧ ಶತಮಾನದಲ್ಲಿ ಆ ಮನೆ ಏನು ಮಾಡಿತು, ಯಾರಿಗಾಗಿ ಮಾಡಿತು ಎಂಬ ಪ್ರಶ್ನೆಗೆ ಸಾರ್ವಜನಿಕ ಸ್ಮರಣೆಯಲ್ಲಿ ಉತ್ತರವಿಲ್ಲ. ಮುದ್ರಣಾಲಯವೆಂದರೆ ತಂದುಕೊಟ್ಟದ್ದನ್ನು ಅಚ್ಚು ಹಾಕಿ ಕೂಲಿ ಪಡೆಯುವ ಜಾಗ. ಪ್ರಕಾಶನ ಸಂಸ್ಥೆಯೆಂದರೆ ಯಾವ ಬರಹ ಪುಸ್ತಕವಾಗಬೇಕೆಂದು ಆರಿಸುವ, ಅದರ ಪಾಠವನ್ನು ಪರಿಷ್ಕರಿಸುವ, ಮಾರಾಟವಾಗುವ ಮೊದಲೇ ಅದರ ಖರ್ಚನ್ನು ಹೊರುವ, ಕೊನೆಗೆ ಅದನ್ನು ಓದುಗರ ಕೈಗೆ ಮುಟ್ಟಿಸುವ ವ್ಯವಸ್ಥೆ. ಬಲ್ಮಠದ ಸಂಸ್ಥೆ ಈ ಎರಡನೆಯ ಅರ್ಥದಲ್ಲಿ ಕರಾವಳಿಯ ಮೊದಲ ಪ್ರಕಾಶನ ಸಂಸ್ಥೆ. ಅದರ ಹಿರಿಮೆಯನ್ನು ಅಳೆಯಬೇಕಾದದ್ದು ಅದು ಎಷ್ಟು ಮೊದಲು ಹುಟ್ಟಿತು ಎಂಬುದರಿಂದಲ್ಲ, ತನ್ನ ಮತದ ಬಳಗದ ಹೊರಗಿನವರಿಗಾಗಿ, ಇನ್ನೂ ಹುಟ್ಟದೇ ಇದ್ದ ಓದುಗರಿಗಾಗಿ ಅದು ಏನನ್ನು ಅಚ್ಚು ಹಾಕಿತು ಎಂಬುದರಿಂದ.

ಈ ವಿಷಯವನ್ನು ಕಾವೂರಿನ ಈ ಉಪನ್ಯಾಸದಲ್ಲಿ ಚರ್ಚಿಸುವುದಕ್ಕೆ ಒಂದು ಔಚಿತ್ಯವಿದೆ. ಬಲ್ಮಠದಿಂದ ಉತ್ತರಕ್ಕೆ, ಗುರುಪುರ ನದಿಯ ಈಚೆ ದಡದ ಸೀಮೆಯಲ್ಲಿರುವ ಕಾವೂರು ಇಂದು ಮಂಗಳೂರು ನಗರದ ಭಾಗವಾಗಿದ್ದರೂ ತುಳು, ಕೊಂಕಣಿ, ಬ್ಯಾರಿ, ಕನ್ನಡಗಳು ಒಂದೇ ಬೀದಿಯಲ್ಲಿ ಕೇಳಿಬರುವ ಹಳೆಯ ಕರಾವಳಿಯ ಊರಿನ ಗುಣವನ್ನು ಬಿಟ್ಟಿಲ್ಲ. ಮನೆಯಲ್ಲಿ ಒಂದು ಭಾಷೆ, ಪೇಟೆಯಲ್ಲಿ ಇನ್ನೊಂದು, ಶಾಲೆಯಲ್ಲಿ ಮತ್ತೊಂದು ಎಂಬ ಈ ಪರಿಸ್ಥಿತಿಯೇ ಬಲ್ಮಠದ ಪ್ರಕಾಶಕರ ಎದುರಿಗೆ ನಿಂತ ಮೊದಲ ಸಮಸ್ಯೆಯಾಗಿತ್ತು, ಮತ್ತು ಅವರು ಅದಕ್ಕೆ ಕಂಡುಕೊಂಡ ಪರಿಹಾರದ ಫಲವನ್ನು ಈ ಊರಿನ ಮಕ್ಕಳು ಇಂದಿಗೂ ಅರಿಯದೆಯೇ ಉಣ್ಣುತ್ತಿದ್ದಾರೆ.

ಬಾಸೆಲ್ ಮಿಶನ್ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪನೆಯಾದ ಪ್ರೊಟೆಸ್ಟೆಂಟ್ ಸಂಸ್ಥೆ. ಅದರ ಕಾರ್ಯಕರ್ತರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯವರು. ಈಸ್ಟ್ ಇಂಡಿಯಾ ಕಂಪೆನಿಯ 1833ರ ಸನ್ನದು ಬ್ರಿಟಿಷರಲ್ಲದ ಮಿಶನರಿಗಳಿಗೂ ಬಾಗಿಲು ತೆರೆದ ಮೇಲೆ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು 1834ರ ಅಕ್ಟೋಬರಿನಲ್ಲಿ ಮಂಗಳೂರಿಗೆ ಬಂದಿಳಿದರು. ಆ ಹೊತ್ತಿಗೆ ಕನ್ನಡದ ಅಚ್ಚು ಹೊಸತೇನೂ ಆಗಿರಲಿಲ್ಲ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಬಂಗಾಳದ ಶ್ರೀರಾಮಪುರದಲ್ಲಿ ಅಚ್ಚಾಗಿತ್ತು, ಮದರಾಸಿನಲ್ಲಿ ರೀವ್‌ನ ನಿಘಂಟು ಬಂದಿತ್ತು, ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನವರು ಬೈಬಲ್ ಅನುವಾದದ ಕೆಲಸದಲ್ಲಿ ತೊಡಗಿದ್ದರು. ಹಾಗಾಗಿ ಮಂಗಳೂರಿಗೆ ಮೊದಲಿಗನ ಪಟ್ಟ ಕಟ್ಟುವ ಅವಸರ ಬೇಕಾಗಿಲ್ಲ.

ಮುಂಬಯಿಯಿಂದ ಮಿಶನರಿ ಗಾಟ್‌ಫ್ರೀಡ್ ವೈಗ್ಲೆ ಒಂದು ಕಲ್ಲಚ್ಚಿನ ಯಂತ್ರವನ್ನೂ ಅದನ್ನು ನಡೆಸಬಲ್ಲ ಇಬ್ಬರು ಮರಾಠಿ ಕೆಲಸಗಾರರನ್ನೂ ಕರೆತಂದುದರಿಂದ ಬಲ್ಮಠದ ಮುದ್ರಣ ಆರಂಭವಾಯಿತು. ಕಲ್ಲಚ್ಚು ಅಥವಾ ಶಿಲಾಮುದ್ರಣವೆಂದರೆ ಜಿಡ್ಡಿನ ಶಾಯಿಯಲ್ಲಿ ಬರೆದ ಅಕ್ಷರಗಳನ್ನು ನುಣುಪಾದ ಸುಣ್ಣಕಲ್ಲಿನ ಚಪ್ಪಡಿಗೆ ಇಳಿಸಿ, ಕಲ್ಲನ್ನು ನೀರಿನಿಂದ ತೇವಗೊಳಿಸಿ, ಮೇಲೆ ಮಸಿಯ ಉರುಳೆ ಹಾಯಿಸುವ ವಿಧಾನ: ಒದ್ದೆಯಾದ ಕಲ್ಲು ಮಸಿಯನ್ನು ದೂರವಿಡುತ್ತದೆ, ಜಿಡ್ಡಿನ ಅಕ್ಷರ ಅದನ್ನು ಹಿಡಿದುಕೊಳ್ಳುತ್ತದೆ, ಕಾಗದ ಒತ್ತಿದರೆ ಪುಟ ಮೂಡುತ್ತದೆ. ಇದಕ್ಕೆ ಲೋಹದ ಅಕ್ಷರಗಳು ಬೇಡ. ಬೇಕಾದದ್ದು ದುಂಡಾದ ಕೈಬರಹವುಳ್ಳ ಒಬ್ಬ ಬರಹಗಾರ. ಆದ್ದರಿಂದ ಬಲ್ಮಠದ ಆರಂಭದ ಪುಸ್ತಕಗಳು ಒಂದರ್ಥದಲ್ಲಿ ಹಸ್ತಪ್ರತಿಗಳೇ, ಹೆಸರು ಉಳಿಯದ ಸ್ಥಳೀಯ ಬರಹಗಾರರ ಅಕ್ಷರಗಳೇ ಅವುಗಳಲ್ಲಿ ನಿಂತಿವೆ. ತಾಳೆಗರಿಯಿಂದ ಮುದ್ರಿತ ಪುಸ್ತಕಕ್ಕೆ ದಾಟುವ ಸಂಧಿಕಾಲದ ಈ ಪ್ರತಿಗಳಿಗೆ ಲಿಪಿಚರಿತ್ರೆಯ ದೃಷ್ಟಿಯಿಂದ ಇರುವ ಬೆಲೆಯನ್ನು ಇನ್ನೂ ಯಾರೂ ಸರಿಯಾಗಿ ಕಟ್ಟಿಲ್ಲ.

ಮಿಶನರಿ ಹರ್ಮನ್ ಮೋಗ್ಲಿಂಗ್ ಸಂಪಾದಿಸಿದ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಇದೇ ಕಲ್ಲಚ್ಚಿನಲ್ಲಿ ಹೊರಟಿತು. ಆ ದಿನವನ್ನೇ ಕರ್ನಾಟಕದಲ್ಲಿ ಪತ್ರಿಕಾ ದಿನವೆಂದು ಆಚರಿಸಲಾಗುತ್ತದೆ. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ನಾಲ್ಕು ಪುಟಗಳ ಈ ಪತ್ರಿಕೆಯಲ್ಲಿ ಊರ ಸುದ್ದಿ, ಸರಕಾರದ ಕಾನೂನು, ದೂರದೇಶದ ವರ್ತಮಾನ, ಕಥೆ, ಪುರಂದರದಾಸರ ಪದ ಇವೆಲ್ಲ ಜೊತೆಗೂಡಿದ್ದವು. ಕಲ್ಲಚ್ಚಿನಲ್ಲಿ ಹೆಚ್ಚು ಪ್ರತಿ ತೆಗೆಯುವುದು ಕಷ್ಟವಾದುದರಿಂದ 1844ರಲ್ಲಿ ಪತ್ರಿಕೆಯನ್ನು ಮೊಳೆಯಚ್ಚಿನ ಅನುಕೂಲವಿದ್ದ ಬಳ್ಳಾರಿಗೆ ಸಾಗಿಸಿ ‘ಕನ್ನಡ ಸಮಾಚಾರ’ ಎಂಬ ಹೆಸರಿನಲ್ಲಿ ನಡೆಸಿದರು. ಮಂಗಳೂರಿನ ಪತ್ರಿಕೆಯಾಗಿ ಅದರ ಬಾಳು ಒಂದು ವರ್ಷವನ್ನೂ ತುಂಬಲಿಲ್ಲ. ಆದರೆ ಅದರಲ್ಲಿ ಕಾಣಿಸಿಕೊಂಡ ದಾಸರ ಪದಗಳು ಮುಂದೆ ಬರಲಿದ್ದ ದೊಡ್ಡ ಕೆಲಸದ ಸುಳಿವು ಕೊಟ್ಟಿದ್ದವು.

ಆ ಕೆಲಸವೇ ‘ಬಿಬ್ಲಿಯೊಥಿಕಾ ಕರ್ನಾಟಿಕಾ’, ಅಂದರೆ ಕನ್ನಡ ಗ್ರಂಥಮಾಲೆ. 1848ರಿಂದ 1853ರವರೆಗೆ ಮೋಗ್ಲಿಂಗ್ ಈ ಮಾಲೆಯನ್ನು ನಡೆಸಿದರು. ನೀಲಗಿರಿಯಲ್ಲಿ ನೆಲೆಸಿದ್ದ ಕಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶ ಇದಕ್ಕೆ ಹಣದ ಬೆಂಬಲವಾಗಿ ನಿಂತರು. ಜೈಮಿನಿ ಭಾರತ, ತೊರವೆ ರಾಮಾಯಣ, ಕುಮಾರವ್ಯಾಸ ಭಾರತದ ಭಾಗಗಳು, ಬಸವಪುರಾಣ, ಚೆನ್ನಬಸವಪುರಾಣ, ದಾಸರ ಪದಗಳು, ‘ರಾವಣ ದಿಗ್ವಿಜಯ’ ಎಂಬ ಯಕ್ಷಗಾನ ಪ್ರಸಂಗ — ಇವು ಆ ಮಾಲೆಯಲ್ಲಿ ಬಂದ ಕೃತಿಗಳು. ಈ ಪಟ್ಟಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಭಾಗವತ ಸಂಪ್ರದಾಯದ ಕಾವ್ಯ, ವೀರಶೈವ ಪುರಾಣ, ಹರಿದಾಸ ಸಾಹಿತ್ಯ, ಬಯಲಾಟದ ಪದ್ಯ ಇವು ಅಂದಿನ ಸಮಾಜದಲ್ಲಿ ಬೇರೆ ಬೇರೆ ಮನೆಗಳಲ್ಲಿ, ಬೇರೆ ಬೇರೆ ಕೈಗಳಲ್ಲಿ, ಬೇರೆ ಬೇರೆ ಭಕ್ತಿಗಳಿಗೆ ಬದ್ಧವಾಗಿ ಉಳಿದುಕೊಂಡಿದ್ದ ವಸ್ತುಗಳು. ದಾಸರ ಪದ ಹಾಡುವವರು ಚೆನ್ನಬಸವಪುರಾಣವನ್ನು ತಮ್ಮದೆಂದು ಕಾಣುತ್ತಿರಲಿಲ್ಲ, ಪುರಾಣ ಓದಿಸುವವರು ಬಯಲಾಟದ ಪದ್ಯವನ್ನು ಸಾಹಿತ್ಯವೆಂದು ಎಣಿಸುತ್ತಿರಲಿಲ್ಲ. ಇವೆಲ್ಲವನ್ನೂ ಒಂದೇ ಹೆಸರಿನ ಕೆಳಗೆ, ಒಂದೇ ಮಾಲೆಯ ಪುಸ್ತಕಗಳಾಗಿ ಸಾಲಾಗಿ ಇಟ್ಟಾಗ ‘ಕನ್ನಡ ಸಾಹಿತ್ಯ’ ಎಂಬ ಸಮಗ್ರ ವಸ್ತುವೊಂದು ಕಣ್ಣಿಗೆ ಕಾಣುವಂತಾಯಿತು. ಪ್ರಕಾಶಕನ ಆಯ್ಕೆಗೆ ಇರುವ ಶಕ್ತಿ ಇದು, ಮತ್ತು ಬಲ್ಮಠದ ಎಲ್ಲ ಕೆಲಸಗಳಲ್ಲಿ ಇದೇ ಅತ್ಯಂತ ದೂರಗಾಮಿಯಾದದ್ದು ಎಂಬುದು ಈ ಉಪನ್ಯಾಸದ ನಿಲುವು.

ಮಿಶನ್ನಿನ ಉದ್ದೇಶ ಮತಪ್ರಚಾರವೆಂಬುದನ್ನು ಮರೆಯುವಂತಿಲ್ಲ. ಇದೇ ಯಂತ್ರದಲ್ಲಿ ಸ್ಥಳೀಯ ನಂಬಿಕೆಗಳನ್ನು ಖಂಡಿಸುವ ಕಿರುಹೊತ್ತಗೆಗಳೂ ಅಚ್ಚಾದವು, ಜನರ ಮನಸ್ಸನ್ನು ತಿಳಿಯಬೇಕಾದರೆ ಅವರ ಗ್ರಂಥಗಳನ್ನು ಓದಬೇಕೆಂಬ ಲೆಕ್ಕಾಚಾರವೂ ಗ್ರಂಥಮಾಲೆಯ ಹಿಂದೆ ಇತ್ತು. ಆದರೂ ತಿಳಿದುಕೊಳ್ಳುವುದಕ್ಕೆ ಹಸ್ತಪ್ರತಿ ಸಾಕಿತ್ತು. ಅದನ್ನು ಅಚ್ಚು ಹಾಕಿ ಎಲ್ಲರ ಕೈಗೆ ಕೊಡುವ ಅಗತ್ಯವಿರಲಿಲ್ಲ. ಮೋಗ್ಲಿಂಗ್ ಕೊಟ್ಟರು, ಅದೂ ತಮ್ಮ ಪ್ರಚಾರಕ್ಕೆ ಎದುರಾಗಿ ನಿಲ್ಲಬಲ್ಲ ಬಸವಪುರಾಣವನ್ನೂ ದಾಸರ ಪದಗಳನ್ನೂ ಕೊಟ್ಟರು. ಟ್ಯೂಬಿಂಗೆನ್ ವಿಶ್ವವಿದ್ಯಾಲಯ 1858ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ನೀಡಿದ್ದು ಈ ಸಾಹಿತ್ಯಸೇವೆಗಾಗಿಯೇ. ಉದ್ದೇಶವನ್ನು ಒಪ್ಪದವರೂ ಈ ಔದಾರ್ಯವನ್ನು ಒಪ್ಪಬೇಕಾಗುತ್ತದೆ.

ಕಲ್ಲಚ್ಚಿನ ಕಾಲ ಹತ್ತು ವರ್ಷಗಳಲ್ಲಿ ಮುಗಿಯುತ್ತ ಬಂತು. ಜಾರ್ಜ್ ಪ್ಲೆಬ್‌ಸ್ಟ್ ಎಂಬ ಯಂತ್ರಕುಶಲಿ 1851ರಲ್ಲಿ ಬಂದ ಮೇಲೆ ಮೊಳೆಯಚ್ಚು, ಅಂದರೆ ಸೀಸದ ಮಿಶ್ರಲೋಹದಲ್ಲಿ ಎರಕ ಹೊಯ್ದ ಒಂದೊಂದೇ ಅಕ್ಷರದ ಮೊಳೆಗಳನ್ನು ಜೋಡಿಸಿ ಮುದ್ರಿಸುವ ವಿಧಾನ ಬಲ್ಮಠಕ್ಕೆ ಬಂತು. ಕನ್ನಡಕ್ಕೆ ಇದು ಸುಲಭದ ಮಾತಲ್ಲ: ಕಾಗುಣಿತದ ರೂಪಗಳು ಬೇರೆ, ಕೆಳಗೆ ಇಳಿಯುವ ಒತ್ತಕ್ಷರಗಳು ಬೇರೆ, ಅಕ್ಷರದ ಬಲಕ್ಕೆ ಅಂಟಿಕೊಳ್ಳುವ ದೀರ್ಘ ಮತ್ತು ಕೊಂಬುಗಳು ಬೇರೆ, ಇವೆಲ್ಲ ಒಂದಕ್ಕೊಂದು ಸರಿಯಾಗಿ ಕೂರಬೇಕಾದರೆ ನೂರಾರು ಬಗೆಯ ಮೊಳೆಗಳು ಬೇಕು, ಅವುಗಳ ಮನೆಗಳನ್ನು ಕೈ ತಾನಾಗಿ ಹುಡುಕಿಕೊಳ್ಳುವಷ್ಟು ನುರಿತ ಮೊಳೆಜೋಡಣೆಗಾರರು ಬೇಕು. ಜಾತಿಯೊಂದಿಗೆ ಕುಲಕಸುಬನ್ನೂ ಕಳೆದುಕೊಂಡು ಮಿಶನ್ನಿನ ಆಸರೆಗೆ ಬಂದಿದ್ದ ಸ್ಥಳೀಯ ಕ್ರೈಸ್ತ ಕುಟುಂಬಗಳಿಗೆ ಮೊಳೆಜೋಡಣೆ, ಕರಡು ತಿದ್ದುವುದು, ರಟ್ಟು ಕಟ್ಟುವುದು ಹೊಸ ಜೀವನೋಪಾಯಗಳಾದವು. ಇದೇ ಪ್ಲೆಬ್‌ಸ್ಟ್ ಮುಂದೆ ಮಂಗಳೂರು ಹಂಚಿನ ಉದ್ಯಮವನ್ನು ಕಟ್ಟಿದವರು ಎಂಬುದು ಕರಾವಳಿಯವರಿಗೆ ಗೊತ್ತಿರುವ ಸಂಗತಿ. ಜಿಲ್ಲೆಯ ಮಾಡು ಮತ್ತು ಜಿಲ್ಲೆಯ ಪುಸ್ತಕ ಎರಡೂ ಒಬ್ಬನೇ ಕುಶಲಕರ್ಮಿಯ ಕೈಯನ್ನು ಹಾದುಬಂದವು.

ಭಾಷೆಗಳ ಸಮಸ್ಯೆ ಎಲ್ಲಕ್ಕಿಂತ ಗಟ್ಟಿಯಾಗಿ ಎದುರಾದದ್ದು ತುಳುವಿನಲ್ಲಿ. ಗ್ರೈನರ್ ಅನುವಾದಿಸಿದ ಮತ್ತಾಯನ ಸುವಾರ್ತೆ 1842ರಲ್ಲಿ ತುಳುವಿನಲ್ಲಿ ಅಚ್ಚಾಯಿತು. ಹೊಸ ಒಡಂಬಡಿಕೆ 1847ರಲ್ಲಿ ಪೂರ್ತಿಯಾಯಿತು. ತುಳುವಿಗೆ ತಿಗಳಾರಿ ಎಂದೂ ಕರೆಯಲ್ಪಡುವ ಸ್ವಂತ ಲಿಪಿಯಿತ್ತು. ಆದರೆ ಅದು ಬಹುಮಟ್ಟಿಗೆ ವೈದಿಕರ ಮನೆಗಳಲ್ಲಿ ಸಂಸ್ಕೃತ ಗ್ರಂಥಗಳನ್ನು ಬರೆದಿಡುವುದಕ್ಕೆ ಬಳಕೆಯಾಗುತ್ತಿತ್ತು, ಸಾಮಾನ್ಯ ತುಳುವರಿಗೆ ಅದರ ಪರಿಚಯವಿರಲಿಲ್ಲ. ಶಾಲೆಗೆ ಬರುತ್ತಿದ್ದ ಮಕ್ಕಳು ಕಲಿಯುತ್ತಿದ್ದುದು ಕನ್ನಡ ಅಕ್ಷರ. ಬಲ್ಮಠ ಕನ್ನಡ ಲಿಪಿಯನ್ನು ಆರಿಸಿತು, ಆ ಆಯ್ಕೆ ಇಂದಿನವರೆಗೂ ನಡೆದುಬಂದಿದೆ. ತುಳು ಲಿಪಿಗೆ ಅನ್ಯಾಯವಾಯಿತೆಂಬ ಮಾತಿನಲ್ಲಿ ಸತ್ಯಾಂಶವಿದೆ; ತುಳುವಿನ ಹಳೆಯ ಕಾವ್ಯಗಳು ಅದೇ ಲಿಪಿಯ ತಾಳೆಗರಿಗಳಲ್ಲಿ ಅಡಗಿದ್ದು 20ನೆಯ ಶತಮಾನದ ಕೊನೆಯ ದಶಕಗಳಲ್ಲಿ ವೆಂಕಟರಾಜ ಪುಣಿಂಚತ್ತಾಯರಂಥ ವಿದ್ವಾಂಸರಿಂದ ಬೆಳಕಿಗೆ ಬಂದವು, ಮಿಶನರಿಗಳ ಕಣ್ಣಿಗೆ ಅವು ಬಿದ್ದಿರಲಿಲ್ಲ. ಆದರೆ ಹೊಸ ಲಿಪಿಯ ಮೊಳೆ ಎರಕ ಹೊಯ್ಯಿಸಿ, ಹೊಸ ಓದುಗರನ್ನು ತಯಾರಿಸಿ, ಆಮೇಲೆ ಪುಸ್ತಕ ಮುದ್ರಿಸುವಷ್ಟು ಕಾಯುತ್ತಿದ್ದರೆ ತುಳುವಿನ ಮುದ್ರಣ ಬಹುಶಃ ಒಂದೆರಡು ತಲೆಮಾರು ತಡವಾಗುತ್ತಿತ್ತು.

ಈ ಬಗೆಯ ಇಕ್ಕಟ್ಟನ್ನು ದೂರದ ಐರ್ಲೆಂಡೂ ಅನುಭವಿಸಿದೆ. ಪಶ್ಚಿಮ ಕರಾವಳಿಯ ಹಳ್ಳಿಗಳಲ್ಲಿ ಹೆಚ್ಚಾಗಿ ಉಳಿದುಕೊಂಡಿದ್ದ ಐರಿಷ್ ಭಾಷೆಗೆ ಸ್ವಂತ ಅಕ್ಷರರೂಪದ ಅಚ್ಚು ಇತ್ತು. 20ನೆಯ ಶತಮಾನದ ಮಧ್ಯಭಾಗದಲ್ಲಿ ಅದನ್ನು ಬಿಟ್ಟು ಸಾಮಾನ್ಯ ರೋಮನ್ ಅಕ್ಷರಗಳಿಗೆ ಹೊರಳಲಾಯಿತು. ದೇಶ ಸ್ವತಂತ್ರವಾದ ಬಳಿಕ 1920ರ ದಶಕದಲ್ಲಿ ಸರಕಾರವೇ ‘ಅನ್ ಗೂಮ್’ ಎಂಬ ಪ್ರಕಾಶನ ವಿಭಾಗವನ್ನು ತೆರೆಯಿತು, 1940ರ ದಶಕದಲ್ಲಿ ‘ಸಾರ್ಸೇಲ್ ಅಗಸ್ ಡಿಲ್’ ಎಂಬ ಖಾಸಗಿ ಸಂಸ್ಥೆ ಹುಟ್ಟಿ ಐರಿಷ್ ಭಾಷೆಯ ಹೊಸ ಸಾಹಿತ್ಯವನ್ನು ಪ್ರಕಟಿಸಿತು. ಓದುಗರು ಕಡಿಮೆಯಿರುವ ಭಾಷೆಯಲ್ಲಿ ಪ್ರಕಾಶಕ ಬರಿಯ ವ್ಯಾಪಾರಿಯಾಗಿ ಉಳಿಯಲಾರ, ಅವನು ಆ ಭಾಷೆಯ ಕಾವಲುಗಾರನೂ ಆಗಬೇಕಾಗುತ್ತದೆ ಎಂಬುದಕ್ಕೆ ಡಬ್ಲಿನ್ ಮತ್ತು ಮಂಗಳೂರು ಎರಡೂ ಸಾಕ್ಷಿ. ವ್ಯತ್ಯಾಸವೂ ಇದೆ: ಐರ್ಲೆಂಡಿನಲ್ಲಿ ಆ ಭಾರವನ್ನು ಹೊತ್ತವರು ಆ ನಾಡಿನವರೇ, ತುಳುವಿನಲ್ಲಿ ಮೊದಲು ಹೊತ್ತವರು ಹೊರಗಿನವರು.

ಆ ಭಾರ ಹೊತ್ತದ್ದರ ಫಲವೇ ಬಲ್ಮಠದ ನಿಘಂಟು ಮತ್ತು ವ್ಯಾಕರಣಗಳು. ಮಿಶನರಿ ಬ್ರಿಗೆಲ್‌ನ ತುಳು ವ್ಯಾಕರಣ 1872ರಲ್ಲಿ, ಮಿಶನರಿ ಮ್ಯಾನರ್‌ನ ತುಳು–ಇಂಗ್ಲಿಷ್ ನಿಘಂಟು 1886ರಲ್ಲಿ, ಇಂಗ್ಲಿಷ್–ತುಳು ನಿಘಂಟು 1888ರಲ್ಲಿ ಬಂದವು. ಭೂತಾರಾಧನೆಯಲ್ಲಿ ಹಾಡುವ ಪಾಡ್ದನಗಳನ್ನು ಕೂಡ ಮ್ಯಾನರ್ ಸಂಗ್ರಹಿಸಿ ಅಚ್ಚು ಹಾಕಿಸಿದರು. ದೈವಗಳ ಆರಾಧನೆಯನ್ನು ಬೋಧನೆಯಲ್ಲಿ ಖಂಡಿಸುತ್ತಿದ್ದ ಮಿಶನ್ನಿನ ಮುದ್ರಣಾಲಯದಿಂದಲೇ ದೈವಗಳ ಕಥನಗಳು ಹೊರಬಂದವು. ಹರ್ಮನ್ ಗುಂಡರ್ಟರ ಮಲಯಾಳಂ ನಿಘಂಟು 1872ರಲ್ಲಿ ಇಲ್ಲಿಯೇ ಅಚ್ಚಾಯಿತು. ರಿಕ್ಟರ್ ಬರೆದ ಕೊಡಗಿನ ಕೈಪಿಡಿ 1870ರಲ್ಲಿ ಇಲ್ಲಿಂದಲೇ ಬಂತು. ಇನ್ನೂ ಗಮನಾರ್ಹವಾದದ್ದು ಕೊಂಕಣಿಯ ವಿಷಯ: ಜೆಸ್ವಿಟ್ ಪಾದ್ರಿ ಮಫೇಯಿ ಬರೆದ ಕೊಂಕಣಿ ವ್ಯಾಕರಣ 1882ರಲ್ಲಿ, ನಿಘಂಟು 1883ರಲ್ಲಿ ಅಚ್ಚಾದದ್ದು ಬಾಸೆಲ್ ಮಿಶನ್ನಿನಲ್ಲಿ. ಯುರೋಪಿನಲ್ಲಿ ಕೆಥೊಲಿಕರಿಗೂ ಪ್ರೊಟೆಸ್ಟೆಂಟರಿಗೂ ಇದ್ದ ಹಗೆತನವನ್ನು ಬಲ್ಲವರಿಗೆ ಇದರ ಮಹತ್ವ ತಿಳಿಯುತ್ತದೆ. ಜೆಸ್ವಿಟರು 1882ರಲ್ಲಿ ಕೊಡಿಯಾಲ್‌ಬೈಲಿನಲ್ಲಿ ತಮ್ಮದೇ ಮುದ್ರಣಾಲಯ ತೆರೆದ ಬಳಿಕ ಮಂಗಳೂರಿನಲ್ಲಿ ಎರಡು ಪ್ರಬಲ ಮುದ್ರಣ ಕೇಂದ್ರಗಳಾದವು.

ಕಿಟ್ಟೆಲ್ ನಿಘಂಟಿನ ಬಗೆಗೆ ಬಹಳಷ್ಟು ಬರೆದಾಗಿದೆ. ಇಲ್ಲಿ ಪ್ರಕಾಶನದ ದೃಷ್ಟಿಯಿಂದ ಒಂದೆರಡು ಮಾತು ಸಾಕು. 1853ರಲ್ಲಿ ಭಾರತಕ್ಕೆ ಬಂದ ಫರ್ಡಿನಾಂಡ್ ಕಿಟ್ಟೆಲ್ 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿ ಪ್ರಕಟಿಸಿದರು. ನಿಘಂಟು 1894ರಲ್ಲಿ ಸುಮಾರು 70,000 ಶಬ್ದಗಳೊಂದಿಗೆ, 1,700ಕ್ಕೂ ಹೆಚ್ಚು ಪುಟಗಳಲ್ಲಿ ಹೊರಬಂತು. ಕನ್ನಡ, ರೋಮನ್ ಅಕ್ಷರಗಳೆರಡೂ ಒಂದೇ ಸಾಲಿನಲ್ಲಿ ಬೆರೆಯುವ, ಅನೇಕ ಶಬ್ದಗಳಿಗೆ ಹಳೆಯ ಗ್ರಂಥದ ಉಲ್ಲೇಖ ಬರುವ ಇಂಥ ಪುಟಗಳನ್ನು ಒಂದು ಜಿಲ್ಲಾ ಕೇಂದ್ರದ ಮುದ್ರಣಾಲಯದಲ್ಲಿ ಕೈಯಿಂದ ಜೋಡಿಸಿ, ಕರಡು ತಿದ್ದಿ, ಮುದ್ರಿಸಿದ ಮಂಗಳೂರಿನ ಕೆಲಸಗಾರರ ಸಾಧನೆ ನಿಘಂಟುಕಾರನ ಸಾಧನೆಗಿಂತ ಕಡಿಮೆಯದಲ್ಲ. ವರ್ಷಗಟ್ಟಲೆ ಹಣ ಹೂಡಿ ಕಾಯುವ ತಾಳ್ಮೆಯುಳ್ಳ ಸಂಸ್ಥೆ ಬೆನ್ನಿಗಿರದಿದ್ದರೆ ಆ ಹಸ್ತಪ್ರತಿ ಕಪಾಟಿನಲ್ಲಿಯೇ ಉಳಿಯುತ್ತಿತ್ತು. ಮುಂದೆ ಮದರಾಸು ವಿಶ್ವವಿದ್ಯಾಲಯಕ್ಕಾಗಿ ಮರಿಯಪ್ಪ ಭಟ್ಟರು ಇದನ್ನು ಪರಿಷ್ಕರಿಸಿ 1968ರಿಂದ 1971ರ ನಡುವೆ ನಾಲ್ಕು ಸಂಪುಟಗಳಲ್ಲಿ ತಂದರು. ಮ್ಯಾನರ್ ತೆರೆದ ದಾರಿಯಲ್ಲಿ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಯು. ಪಿ. ಉಪಾಧ್ಯಾಯರ ಸಂಪಾದಕತ್ವದ ತುಳು ನಿಘಂಟು ಆರು ಸಂಪುಟಗಳಲ್ಲಿ ಬಂದು 1997ರಲ್ಲಿ ಪೂರ್ಣವಾಯಿತು.

ನಿಘಂಟುಗಳಿಗೆ ಸಿಕ್ಕಿದ ಕೀರ್ತಿ ಪಾಠಪುಸ್ತಕಗಳಿಗೆ ಸಿಗಲಿಲ್ಲ. ಆದರೆ ಸಂಸ್ಥೆಯನ್ನು ಜನರ ಮನೆಯೊಳಕ್ಕೆ ಕೊಂಡೊಯ್ದದ್ದು ಶಾಲೆಯ ಪುಸ್ತಕಗಳೇ. ಅಕ್ಷರಮಾಲೆ, ಗಣಿತ, ಭೂಗೋಳ, ಪದ್ಯಪುಸ್ತಕ ಎಂದು ಸಾವಿರಾರು ಪ್ರತಿಗಳಲ್ಲಿ ಅಚ್ಚಾಗುತ್ತಿದ್ದ ಇವು ದಕ್ಷಿಣ ಕನ್ನಡದ ಶಾಲೆಗಳಿಗಷ್ಟೇ ಅಲ್ಲದೆ ಮಿಶನ್ನಿನ ಕಾರ್ಯಕ್ಷೇತ್ರವಿದ್ದ ಧಾರವಾಡದ ಕಡೆಗೂ ಹೋಗುತ್ತಿದ್ದವು. ಬಂಟ್ವಾಳದಲ್ಲಿ ಹುಟ್ಟಿ ಶಾಲಾ ಇಲಾಖೆಯಲ್ಲಿ ದುಡಿದ ಪಂಜೆ ಮಂಗೇಶರಾಯರು ಈ ಸಂಸ್ಥೆಗಾಗಿ ಸಿದ್ಧಪಡಿಸಿದ ಪಠ್ಯಗಳ ಮೂಲಕವೇ ಮಕ್ಕಳ ಕನ್ನಡ ಪದ್ಯಕ್ಕೆ ಆಡುಮಾತಿನ ಲಯ ಬಂತು. ತುಳುವಿನ, ಕೊಂಕಣಿಯ ಮನೆಯಿಂದ ಬಂದ ಮಗು ಕನ್ನಡವನ್ನು ಕಲಿತದ್ದು ಇಂಥ ಪುಸ್ತಕದಿಂದ. ಕರಾವಳಿಯ ಬರವಣಿಗೆಯ ಕನ್ನಡಕ್ಕೆ ಒಂದು ಸಮಾನವಾದ, ವ್ಯಾಕರಣಶುದ್ಧವಾದ ರೂಪ ದೊರೆತದ್ದರಲ್ಲಿ ಈ ಪುಸ್ತಕಗಳ ಪಾಲು ದೊಡ್ಡದು. ಹೀಗೆ ತಯಾರಾದ ಓದುಗ ಸಮಾಜಕ್ಕೆ 1899ರಲ್ಲಿ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಬಂತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಹೆಸರಾದ, ವಿಧವಾವಿವಾಹವನ್ನು ಎತ್ತಿಹಿಡಿದ ಈ ಕೃತಿಯನ್ನು ಅಚ್ಚು ಹಾಕಿದ್ದೂ ಬಾಸೆಲ್ ಮಿಶನ್ ಮುದ್ರಣಾಲಯವೇ. ಕಲ್ಲಚ್ಚಿನ ಕಾಲದಲ್ಲಿ ಇಂಥ ಕಾದಂಬರಿ ಬಂದಿದ್ದರೆ ಓದುವವರೇ ಇರುತ್ತಿರಲಿಲ್ಲ.

ಪ್ರತಿಸ್ಪರ್ಧಿಗಳು ಹುಟ್ಟಿದ್ದೂ ಸಂಸ್ಥೆಯ ಪ್ರಭಾವದ ಒಂದು ಮುಖ. ಮಂಗಳೂರಿನಲ್ಲಿ ಧರ್ಮಪ್ರಕಾಶ, ಶಾರದಾ ಮುದ್ರಣಾಲಯಗಳು, ಪಂಜೆಯವರ ಒತ್ತಾಸೆಯ ಬಾಲಸಾಹಿತ್ಯ ಮಂಡಲ, ಉಡುಪಿಯಲ್ಲಿ ದಾಸರ ಪದಗಳನ್ನೂ ಯಕ್ಷಗಾನ ಪ್ರಸಂಗಗಳನ್ನೂ ಸಾಲಾಗಿ ಪ್ರಕಟಿಸಿದ ಪಾವಂಜೆ ಗುರುರಾಯರು, ಮುಂದೆ ಪುತ್ತೂರಿನಲ್ಲಿ ಶಿವರಾಮ ಕಾರಂತರ ಹರ್ಷ ಪ್ರಕಟಣಾಲಯ — ಇವೆಲ್ಲ ಬೇರೆ ಬೇರೆ ಆಶಯಗಳಿಂದ ಹುಟ್ಟಿದವು. ಇತ್ತ ಬಲ್ಮಠದಲ್ಲಿ, ಮೊದಲನೆಯ ಮಹಾಯುದ್ಧದಲ್ಲಿ ಜರ್ಮನ್ ಮಿಶನರಿಗಳು ಶತ್ರುದೇಶದವರೆಂದು ದೇಶ ಬಿಡಬೇಕಾಯಿತು, ಮಿಶನ್ನಿನ ಹಂಚು ಮತ್ತು ನೇಯ್ಗೆಯ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಮುದ್ರಣದ ಕೆಲಸ ನಿಲ್ಲದಿದ್ದರೂ ವಿದ್ವತ್ತಿನ ದೊಡ್ಡ ಯೋಜನೆಗಳ ಕಾಲ ಅಲ್ಲಿಗೆ ಮುಗಿಯಿತು. ಆ ಪರಂಪರೆ ಮುಂದೆ ಬಲ್ಮಠದ ಮುದ್ರಣ ತಂತ್ರಜ್ಞಾನ ಸಂಸ್ಥೆಯಲ್ಲಿ ಮುಂದುವರಿಯಿತು, ಹಳೆಯ ಗ್ರಂಥಗಳು ಮತ್ತು ಕಾಗದಪತ್ರಗಳು 1965ರಲ್ಲಿ ಆರಂಭವಾದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಸಂಗ್ರಹದಲ್ಲಿವೆ. ಶ್ರೀನಿವಾಸ ಹಾವನೂರರು 1974ರ ‘ಹೊಸಗನ್ನಡದ ಅರುಣೋದಯ’ದಲ್ಲಿ ಈ ಕಾಲದ ಚರಿತ್ರೆಗೆ ಗಟ್ಟಿಯಾದ ತಳಹದಿ ಹಾಕಿಕೊಟ್ಟಿದ್ದಾರೆ.

ಸಂಶೋಧಕರಿಗೆ ನಿಘಂಟುಗಳು ಸುಲಭವಾಗಿ ಸಿಗುತ್ತವೆ, ಗ್ರಂಥಮಾಲೆಯ ಸಂಪುಟಗಳೂ ದೊಡ್ಡ ಗ್ರಂಥಾಲಯಗಳಲ್ಲಿ ದೊರೆಯುತ್ತವೆ. ಸಿಗದೇ ಇರುವುದು ಪಾಠಪುಸ್ತಕಗಳು, ಏಕೆಂದರೆ ಮಕ್ಕಳು ಓದಿ ಹರಿದ ಪುಸ್ತಕವನ್ನು ಯಾವ ಗ್ರಂಥಾಲಯವೂ ಎತ್ತಿಡಲಿಲ್ಲ. ಕಾವೂರು, ಬೋಂದೆಲ್, ಕೂಳೂರು, ಮರಕಡಗಳ ಹಳೆಯ ಮನೆಗಳ ಅಟ್ಟಗಳಲ್ಲಿ, ಅಜ್ಜ–ಅಜ್ಜಿಯರ ಪೆಟ್ಟಿಗೆಗಳಲ್ಲಿ, ಮುಖಪುಟದ ಕೆಳಗೆ ‘ಬಾಸೆಲ್ ಮಿಶನ್, ಮಂಗಳೂರು’ ಎಂದು ಅಚ್ಚಾಗಿರುವ ಒಂದು ಪದ್ಯಪುಸ್ತಕವೋ ಗಣಿತದ ಪುಸ್ತಕವೋ, ರಟ್ಟು ಕಿತ್ತುಹೋದ ಪ್ರತಿಯಾದರೂ ಸರಿ, ಕಂಡುಬಂದರೆ ಅದನ್ನು ರದ್ದಿಗೆ ಹಾಕದೆ ಊರಿನ ಕಾಲೇಜಿನ ಗ್ರಂಥಾಲಯಕ್ಕೋ ಬಲ್ಮಠದ ಸಂಗ್ರಹಕ್ಕೋ ತಲುಪಿಸಬೇಕೆಂದು ಈ ಉಪನ್ಯಾಸವನ್ನು ಓದುವ ಪ್ರತಿಯೊಬ್ಬರಲ್ಲಿ ವಿನಂತಿ.